ಉದ್ಯಾನದ ಅಂಚು ಪಾತಿಗಳು ಒಣಗದಂತೆ ತಡೆಯಲು ಸೂಕ್ತ ಹೊದಿಕೆಯ ಆಯ್ಕೆ

ಪೀಠಿಕೆ

ಮನೆಯ ಕಾಂಪೌಂಡಿನ ಒಳಬದಿಯಲ್ಲಿ, ಶಾಲೆ ಹಾಗೂ ಕಚೇರಿಗಳ ಆವರಣದಲ್ಲಿ ಮತ್ತು ಬಡಾವಣೆಯ ಉದ್ಯಾನವನಗಳ ಕಾಲುದಾರಿಯ ಇಕ್ಕೆಲಗಳಲ್ಲಿ ಹೂಗಿಡಗಳ ಉದ್ದನೆಯ ಪಾತಿಗಳನ್ನು ಮಾಡುವುದು ವಾಡಿಕೆ. ದಾಸವಾಳ, ಕನಕಾಂಬರ, ಕೇಪಳ, ಕಾಬಾಳೆ, ಚೆಂಡುಹೂ, ಸೇವಂತಿಗೆ ಮುಂತಾದ ಗಿಡಗಳಿಂದ ಕೂಡಿದ ಈ ಅಂಚು ಪಾತಿಗಳು ಬೇಸಿಗೆಯಲ್ಲಿ ಇಡೀ ಉದ್ಯಾನದಲ್ಲಿಯೇ ಮೊದಲು ಒಣಗುವ ಭಾಗಗಳಾಗಿರುತ್ತವೆ. ಬೆಳಿಗ್ಗೆ ನೀರುಣಿಸಿದ ಪಾತಿ ಸಂಜೆಯ ವೇಳೆಗೆ ಬಿರುಕು ಬಿಡುವುದನ್ನು ಕಂಡು ಮತ್ತೊಮ್ಮೆ ನೀರು ಹಾಕುವವರೇ ಹೆಚ್ಚು.

ಈ ಅಭ್ಯಾಸವನ್ನು ಮುಂದುವರಿಸಲು ಸಾಧ್ಯವಿಲ್ಲವೆಂಬುದನ್ನು ಕಳೆದ ಕೆಲವು ವರ್ಷಗಳು ತೋರಿಸಿಕೊಟ್ಟಿವೆ. 2023ರಲ್ಲಿ ಮುಂಗಾರು ವಿಫಲವಾದ ಪ್ರಯುಕ್ತ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ಅದರ ಮರುವರ್ಷ, ಅಂದರೆ 2024ರ ಮಾರ್ಚ್ ತಿಂಗಳಿನಲ್ಲಿ, ಬೆಂಗಳೂರು ಜಲಮಂಡಳಿಯು ವಾಹನ ತೊಳೆಯಲು, ಕಟ್ಟಡ ನಿರ್ಮಾಣಕ್ಕೆ ಹಾಗೂ ಕೈತೋಟಕ್ಕೆ ಕುಡಿಯುವ ನೀರನ್ನು ಬಳಸುವುದನ್ನು ನಿಷೇಧಿಸಿ, ಉಲ್ಲಂಘಿಸಿದವರಿಗೆ 5,000 ರೂಪಾಯಿ ದಂಡವನ್ನು ನಿಗದಿಪಡಿಸಿತು. 2025ರ ಫೆಬ್ರವರಿಯಲ್ಲಿಯೂ ಇಂತಹದೇ ಆದೇಶ ಹೊರಬಿದ್ದಿತು. ಗಿಡಗಳನ್ನು ಉಳಿಸಿಕೊಳ್ಳಬೇಕು, ನೀರನ್ನೂ ಉಳಿಸಬೇಕು ಎಂಬ ಎರಡು ಉದ್ದೇಶಗಳನ್ನು ಒಟ್ಟಿಗೆ ಈಡೇರಿಸುವ ಸುಲಭ ವಿಧಾನವೇ ಮಣ್ಣಿಗೆ ಹೊದಿಕೆ ಹಾಕುವುದು. ಇದನ್ನು ಮಲ್ಚಿಂಗ್ ಎಂದೂ ಕರೆಯುತ್ತಾರೆ. ಯಾವ ಹೊದಿಕೆ, ಎಷ್ಟು ದಪ್ಪ, ಯಾವ ಕಾಲದಲ್ಲಿ ಎಂಬ ವಿವರಗಳನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಈ ಕೆಳಗೆ ನೀಡಲಾಗಿದೆ.

ಅಂಚು ಪಾತಿಗಳು ಬೇಗನೆ ಒಣಗಲು ಕಾರಣಗಳು

1. ಕಾಂಪೌಂಡ್ ಗೋಡೆ ಮತ್ತು ಕಾಂಕ್ರೀಟ್ ಹಾಸು ಹಗಲಿನಲ್ಲಿ ಕಾಯ್ದು, ಆ ಶಾಖವನ್ನು ಸೂರ್ಯಾಸ್ತದ ನಂತರವೂ ಪಾತಿಗೆ ಹೊರಸೂಸುತ್ತವೆ. ಪಶ್ಚಿಮಕ್ಕೆ ಮುಖ ಮಾಡಿದ ಗೋಡೆಯ ಬುಡದಲ್ಲಿ ಇದು ಅಧಿಕ.

2. ಸಜ್ಜಾ ಅಥವಾ ಮಾಡಿನ ಕೆಳಗಿರುವ ಪಾತಿಗೆ ಮಳೆ ಸುರಿದರೂ ನೀರು ತಲುಪುವುದಿಲ್ಲ.

3. ಪಕ್ಕದ ಬೇಲಿಗಿಡ ಮತ್ತು ಮರಗಳ ಬೇರುಗಳು ಪಾತಿಯ ನೀರಿನಲ್ಲಿ ಪಾಲು ಪಡೆಯುತ್ತವೆ.

4. ಪಾತಿಯು ಕಿರಿದಾಗಿದ್ದು, ಹಲವೆಡೆ ನೆಲಮಟ್ಟಕ್ಕಿಂತ ಎತ್ತರವಾಗಿರುವುದರಿಂದ ಮೇಲಿನಿಂದ ಮಾತ್ರವಲ್ಲದೆ ಬದಿಯಿಂದಲೂ ತೇವಾಂಶ ಆರುತ್ತದೆ.

ಹೊದಿಕೆ ಕೆಲಸ ಮಾಡುವ ಬಗೆ

ಮಣ್ಣಿನ ಕಣಗಳ ನಡುವಿನ ಸೂಕ್ಷ್ಮ ರಂಧ್ರಗಳ ಮೂಲಕ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ಕೆಳಪದರದ ನೀರು ಮೇಲ್ಮೈಗೆ ಏರಿ ಬರುತ್ತದೆ. ಅಲ್ಲಿ ಬಿಸಿಲು ಮತ್ತು ಗಾಳಿ ಅದನ್ನು ಆವಿಯಾಗಿಸುತ್ತವೆ. ಮಣ್ಣಿನ ಮೇಲೆ ಒರಟಾದ, ಸಡಿಲವಾದ ಪದರವೊಂದನ್ನು ಹರಡಿದಾಗ ಈ ಬತ್ತಿಯ ಕೊನೆ ತುಂಡಾದಂತಾಗುತ್ತದೆ. ನೀರು ಮಣ್ಣಿನ ಮೇಲ್ಮೈವರೆಗೆ ಬಂದರೂ ಹೊದಿಕೆಯ ದೊಡ್ಡ ರಂಧ್ರಗಳ ಮೂಲಕ ಮೇಲೇರಲಾರದು. ನೆರಳಿನಿಂದ ಮಣ್ಣು ತಂಪಾಗಿರುತ್ತದೆ ಮತ್ತು ಗಾಳಿಯ ನೇರ ಸ್ಪರ್ಶ ತಪ್ಪುತ್ತದೆ.

ಎರಡನೆಯ ಪ್ರಯೋಜನವನ್ನು ಅನೇಕರು ಗಮನಿಸುವುದಿಲ್ಲ. ಬೆಂಗಳೂರು, ಕೋಲಾರ, ತುಮಕೂರು ಭಾಗದ ಕೆಂಪು ಮಣ್ಣಿನ ಮೇಲೆ ಮಳೆಹನಿ ಅಥವಾ ಕೊಳಾಯಿಯ ನೀರು ರಭಸದಿಂದ ಬಿದ್ದಾಗ ಮೇಲ್ಮೈ ಗಟ್ಟಿಯಾಗಿ ತೆಳುವಾದ ಹೆಪ್ಪು ಕಟ್ಟುತ್ತದೆ. ಆನಂತರ ಬಿದ್ದ ನೀರು ಇಂಗದೆ ಹರಿದು ಚರಂಡಿ ಸೇರುತ್ತದೆ. ಹೊದಿಕೆಯು ಹನಿಯ ಹೊಡೆತವನ್ನು ತಾನು ತಾಳಿಕೊಂಡು ನೀರನ್ನು ನಿಧಾನವಾಗಿ ಕೆಳಗಿಳಿಸುತ್ತದೆ. ಉತ್ತರ ಕರ್ನಾಟಕದ ಎರೆಭೂಮಿಯಲ್ಲಿ ಬೇಸಿಗೆಯ ಬಿರುಕುಗಳ ಮೂಲಕ ಆಳದ ತೇವಾಂಶವೂ ನಷ್ಟವಾಗುವುದರಿಂದ, ಬಿರುಕು ಮೂಡುವ ಮೊದಲೇ ಹೊದಿಕೆ ಹಾಕುವುದು ಅಲ್ಲಿ ಹೆಚ್ಚು ಅವಶ್ಯ.

ನೀರಿನ ಲೆಕ್ಕ

ಒಂದು ಚದರ ಮೀಟರ್ ನೆಲದಿಂದ ಒಂದು ಮಿ.ಮೀ. ನೀರು ಆವಿಯಾದರೆ ಅದು ಒಂದು ಲೀಟರಿಗೆ ಸಮ. 10 ಮೀಟರ್ ಉದ್ದ, 1 ಮೀಟರ್ ಅಗಲದ ಅಂಚು ಪಾತಿಯೊಂದರಿಂದ ದಿನಕ್ಕೆ 5 ಮಿ.ಮೀ. ನೀರು ಹೋದರೆ 50 ಲೀಟರ್ ಆಯಿತು. ಗ್ರಾಮೀಣ ಪ್ರದೇಶದ ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್ ನೀರು ಒದಗಿಸಬೇಕೆಂಬುದು 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್‌ನ ಗುರಿ. ಒಂದು ಪಾತಿಯಿಂದ ಬಿಸಿಲಿಗೆ ಹೋಗುವ ನೀರು ಹೆಚ್ಚುಕಡಿಮೆ ಒಬ್ಬ ವ್ಯಕ್ತಿಯ ದಿನದ ಪಾಲಿಗೆ ಸಮನಾಗಿದೆ ಎಂಬುದನ್ನು ಇದರಿಂದ ಗ್ರಹಿಸಬಹುದು.

ಈ ನಷ್ಟವನ್ನು ಹೊದಿಕೆಯಿಂದ ಪೂರ್ತಿಯಾಗಿ ತಡೆಯಲಾಗದು. ಎಲೆಗಳ ಮೂಲಕ ಗಿಡವು ಹೊರಬಿಡುವ ನೀರು ಹೊದಿಕೆಯಿಂದ ಕಡಿಮೆಯಾಗುವುದಿಲ್ಲ. ಬರಿಯ ಮಣ್ಣಿನಿಂದ ಆಗುವ ನಷ್ಟ ಮಾತ್ರ ತಗ್ಗುತ್ತದೆ. ಗಿಡಗಳು ಚಿಕ್ಕದಾಗಿದ್ದು ಮಣ್ಣು ಹೆಚ್ಚು ತೆರೆದಿರುವ ಪಾತಿಯಲ್ಲಿ ಉಳಿತಾಯ ಅಧಿಕ. ಗಿಡಗಳು ದಟ್ಟವಾಗಿ ನೆಲವನ್ನು ಮುಚ್ಚಿರುವ ಪಾತಿಯಲ್ಲಿ ಉಳಿತಾಯ ಕಡಿಮೆ. ಆದುದರಿಂದ ಸಾಮಗ್ರಿ ಸ್ವಲ್ಪವೇ ಲಭ್ಯವಿದ್ದಲ್ಲಿ ಅದನ್ನು ಹೊಸದಾಗಿ ನೆಟ್ಟ ಪಾತಿಗೆ ಮೊದಲು ಬಳಸತಕ್ಕದ್ದು.

ಹೊದಿಕೆಯ ಸಾಮಗ್ರಿಗಳು ಮತ್ತು ಅವುಗಳ ಗುಣದೋಷಗಳು

(ಅ) ಒಣ ಎಲೆ ಅಥವಾ ತರಗು

ಖರ್ಚಿಲ್ಲದೆ ದೊರೆಯುವ, ಬಹುಪಾಲು ಪಾತಿಗಳಿಗೆ ಹೊಂದುವ ಸಾಮಗ್ರಿ ಇದು. ಹೊಂಗೆ ಮೊದಲಾದ ಮರಗಳು ಫೆಬ್ರವರಿ-ಮಾರ್ಚ್ ತಿಂಗಳುಗಳಲ್ಲಿ ಎಲೆ ಉದುರಿಸಿ ಯುಗಾದಿಯ ವೇಳೆಗೆ ಚಿಗುರುತ್ತವೆ. ಮಣ್ಣಿಗೆ ಹೊದಿಕೆ ಅತ್ಯವಶ್ಯವಾದ ಕಾಲದಲ್ಲಿಯೇ ಮರಗಳು ಅದನ್ನು ಒದಗಿಸುತ್ತಿದ್ದರೂ, ಆ ಎಲೆಗಳನ್ನು ಗುಡಿಸಿ ಬೆಂಕಿ ಹಚ್ಚಿ, ಅದೇ ಸಂಜೆ ಬರಿಯ ಮಣ್ಣಿಗೆ ನೀರು ಸುರಿಯುವುದು ಎಲ್ಲೆಡೆ ಕಂಡುಬರುತ್ತದೆ. ಬಯಲಿನಲ್ಲಿ ತ್ಯಾಜ್ಯವನ್ನು ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರ ಡಿಸೆಂಬರ್ ತಿಂಗಳಿನ ಆದೇಶದಲ್ಲಿ ದೇಶಾದ್ಯಂತ ನಿಷೇಧಿಸಿದ್ದು, 5,000 ರೂಪಾಯಿ ಹಾಗೂ ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡವನ್ನು ವಿಧಿಸಲು ಸೂಚಿಸಿರುತ್ತದೆ.

ಬಾದಾಮಿ, ಹಲಸು ಮುಂತಾದ ಅಗಲವಾದ ಎಲೆಗಳನ್ನು ಹಾಗೆಯೇ ಹರಡಿದರೆ ಒಂದರ ಮೇಲೊಂದು ಅಂಟಿಕೊಂಡು ಹಾಳೆಯಂತಾಗಿ ನೀರನ್ನು ಕೆಳಗೆ ಬಿಡುವುದಿಲ್ಲ. ಅವನ್ನು ಗೋಣಿಚೀಲದಲ್ಲಿ ತುಂಬಿ ತುಳಿದು ಪುಡಿಮಾಡಿ ಬಳಸತಕ್ಕದ್ದು. ಹೊಂಗೆ, ಹುಣಸೆ, ಮಳೆಮರ ಇತ್ಯಾದಿಗಳ ಸಣ್ಣ ಎಲೆಗಳನ್ನು ಹಾಗೆಯೇ ಹಾಕಬಹುದು. ನೀಲಗಿರಿ ಎಲೆಯಲ್ಲಿ ಎಳೆಯ ಸಸಿಗಳ ಬೆಳವಣಿಗೆಯನ್ನು ಕುಂಠಿತಗೊಳಿಸುವ ಅಂಶಗಳಿರುವುದರಿಂದ ಸಸಿಪಾತಿಗೆ ಅದನ್ನು ಹಾಕಬಾರದು. ರೋಗ ತಗುಲಿದ ಗುಲಾಬಿ ಎಲೆಗಳನ್ನು ಅದೇ ಗುಲಾಬಿ ಪಾತಿಗೆ ಮರಳಿಸಬಾರದು.

(ಆ) ತೆಂಗಿನ ನಾರಿನ ಪುಡಿ

ತೆಂಗಿನ ಸಿಪ್ಪೆಯಿಂದ ನಾರು ತೆಗೆದ ನಂತರ ಉಳಿಯುವ ಈ ಪುಡಿಯು ತನ್ನ ತೂಕದ ಐದು ಪಟ್ಟಿಗೂ ಮಿಗಿಲಾಗಿ ನೀರನ್ನು ಹಿಡಿದಿಡಬಲ್ಲದು. ಈ ಗುಣವು ಕುಂಡದ ಮಣ್ಣಿನಲ್ಲಿ ಬೆರೆಸುವಾಗ ಬಹು ಉಪಯುಕ್ತ. ಮೇಲುಹೊದಿಕೆಯಾಗಿ ಬಳಸುವಾಗ ಮಾತ್ರ ಇದಕ್ಕೊಂದು ಮಿತಿಯಿದೆ. ಅಲ್ಪಸ್ವಲ್ಪ ನೀರು ಹಾಕಿದರೆ ಅದೆಲ್ಲವನ್ನೂ ಪುಡಿಯೇ ಹೀರಿಕೊಂಡು, ಮೇಲಿನಿಂದಲೇ ಬಿಸಿಲಿಗೆ ಬಿಟ್ಟುಕೊಡುತ್ತದೆ. ಬೇರಿಗೆ ನೀರು ತಲುಪುವುದಿಲ್ಲ. ಆದುದರಿಂದ ಪುಡಿಯನ್ನು ತೆಳುವಾಗಿ ಹರಡಿ ಅದರ ಮೇಲೆ ತರಗಿನ ಪದರವನ್ನು ಹಾಕುವುದು ಉತ್ತಮ.

ಹಸಿ ಪುಡಿಯಲ್ಲಿ ಲವಣಾಂಶವಿರುತ್ತದೆ. ಸಮುದ್ರ ಅಥವಾ ಹಿನ್ನೀರಿನಲ್ಲಿ ನೆನೆಸಿದ ಸಿಪ್ಪೆಯಿಂದ ಬಂದದ್ದಾದರೆ ಇದು ಇನ್ನೂ ಹೆಚ್ಚು. ತೊಳೆದು ಕಳಿಸಿದ ಪುಡಿಯನ್ನೇ ಕೇಳಿ ಪಡೆಯತಕ್ಕದ್ದು.

(ಇ) ತೆಂಗಿನ ಸಿಪ್ಪೆ

ಬಹುಕಾಲ ಬಾಳಿಕೆ ಬರುತ್ತದೆ. ಸಿಪ್ಪೆಯನ್ನು ಬೋರಲಾಗಿ, ಅಂದರೆ ಉಬ್ಬಿದ ಭಾಗ ಮೇಲೆ ಬರುವಂತೆ, ಜೋಡಿಸಬೇಕು. ಅಂಗಾತವಾಗಿಟ್ಟ ಸಿಪ್ಪೆ ಮತ್ತು ಚಿಪ್ಪುಗಳಲ್ಲಿ ನಿಂತ ಮಳೆನೀರು ಡೆಂಗಿ ಹರಡುವ ಈಡಿಸ್ ಸೊಳ್ಳೆಗಳ ಉತ್ಪತ್ತಿ ಸ್ಥಾನವಾಗುತ್ತದೆ.

(ಈ) ಹುಲ್ಲು, ಕಬ್ಬಿನ ತರಗು, ಕಡಲೆಕಾಯಿ ಸಿಪ್ಪೆ ಮತ್ತು ಇತರ ಕೃಷಿ ಉಳಿಕೆಗಳು

ಆಯಾ ಪ್ರದೇಶದಲ್ಲಿ ದೊರೆಯುವುದನ್ನೇ ಆರಿಸಿಕೊಳ್ಳುವುದು ಲಾಭಕರ. ಮಂಡ್ಯ ಮತ್ತು ಬೆಳಗಾವಿಯಲ್ಲಿ ಕಬ್ಬಿನ ತರಗು, ಗಂಗಾವತಿ ಹಾಗೂ ದಾವಣಗೆರೆ ಭಾಗದಲ್ಲಿ ಭತ್ತದ ಹುಲ್ಲು, ಚಳ್ಳಕೆರೆ ಮತ್ತು ಪಾವಗಡದಲ್ಲಿ ಕಡಲೆಕಾಯಿ ಸಿಪ್ಪೆ, ಕೊಡಗು ಮತ್ತು ಚಿಕ್ಕಮಗಳೂರಿನಲ್ಲಿ ಕಾಫಿ ಹೊಟ್ಟು, ಮಲೆನಾಡಿನಲ್ಲಿ ಅಡಿಕೆ ಸಿಪ್ಪೆ ಹೇರಳವಾಗಿವೆ. ಭತ್ತದ ಹುಲ್ಲಿನಲ್ಲಿ ಉಳಿದ ಕಾಳುಗಳು ಮೊಳೆಯುವುದರಿಂದ ಅದನ್ನು ಚೆನ್ನಾಗಿ ಕೊಡವಿ ಹಾಕಬೇಕು. ಭತ್ತದ ಹೊಟ್ಟು ಹಗುರವಾಗಿದ್ದು ಗಾಳಿಗೆ ಹಾರುತ್ತದೆ. ಹಾಕಿದ ಕೂಡಲೇ ನೀರು ಚಿಮುಕಿಸಿದರೆ ಅಥವಾ ಮೇಲೆ ಸ್ವಲ್ಪ ಗೊಬ್ಬರ ಉದುರಿಸಿದರೆ ನಿಲ್ಲುತ್ತದೆ. ಒಣಹುಲ್ಲು ಬೇಗನೆ ಬೆಂಕಿಗೆ ತುತ್ತಾಗುವುದರಿಂದ ಸಾರ್ವಜನಿಕರು ಓಡಾಡುವ ದಾರಿಯ ಪಕ್ಕ ಅದನ್ನು ಬಳಸದಿರುವುದು ಕ್ಷೇಮ.

(ಉ) ಮರದ ಚಕ್ಕೆ ಮತ್ತು ಮರದ ಹೊಟ್ಟು

ಚಕ್ಕೆಗಳು ಒರಟಾಗಿದ್ದು ನೀರನ್ನು ಸರಾಗವಾಗಿ ಇಳಿಸುತ್ತವೆ ಮತ್ತು ಒಂದೆರಡು ವರ್ಷ ಬಾಳುತ್ತವೆ. ಪೊದೆಗಿಡಗಳ ಶಾಶ್ವತ ಪಾತಿಗಳಿಗೆ ಇವು ಸೂಕ್ತ. ಗರಗಸದ ಹೊಟ್ಟು ಹಾಗಲ್ಲ. ಅದು ಒತ್ತಾಗಿ ಕುಳಿತು ಹೆಪ್ಪುಗಟ್ಟಿ ನೀರನ್ನು ತಡೆಯುತ್ತದೆ.

ಮರದ ಹೊಟ್ಟಿನಲ್ಲಿ ಇಂಗಾಲ ಅಧಿಕವಾಗಿದ್ದು ಸಾರಜನಕ ಅತ್ಯಲ್ಪವಾಗಿರುತ್ತದೆ. ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದ ಪಡೆಯುವುದರಿಂದ ಗಿಡಗಳ ಎಲೆಗಳು ಹಳದಿಯಾಗಬಹುದು. ಹೊಟ್ಟನ್ನು ಮಣ್ಣಿನೊಳಗೆ ಬೆರೆಸಿದಾಗ ಈ ತೊಂದರೆ ಹೆಚ್ಚು. ಮೇಲೆ ಹರಡಿದಾಗ ಮಣ್ಣಿನ ಮೇಲ್ಪದರಕ್ಕಷ್ಟೇ ಸೀಮಿತ. ಮೊದಲು ಕೊಟ್ಟಿಗೆ ಗೊಬ್ಬರ ಅಥವಾ ಕಡಲೆಕಾಯಿ ಹಿಂಡಿಯನ್ನು ಹಾಕಿ, ಅದರ ಮೇಲೆ ಚಕ್ಕೆಯನ್ನು ಹರಡುವುದರಿಂದ ಇದನ್ನು ನಿವಾರಿಸಬಹುದು.

(ಊ) ಹುಲ್ಲುಹಾಸಿನ ಕತ್ತರಿಕೆ

ಹಸಿಯಾಗಿ ದಪ್ಪನೆ ಹಾಕಿದರೆ ಬಿಸಿಯೇರಿ, ಲೋಳೆಗಟ್ಟಿ ವಾಸನೆ ಬರುತ್ತದೆ. ಎರಡು ದಿನ ಬಿಸಿಲಿನಲ್ಲಿ ಆರಿಸಿ, ಒಂದು ಅಂಗುಲದಷ್ಟು ಮಾತ್ರ ಹರಡಬೇಕು. ಕಳೆನಾಶಕ ಸಿಂಪಡಿಸಿದ ಹುಲ್ಲನ್ನು ಬಳಸಕೂಡದು.

(ಋ) ಜಲ್ಲಿ, ಗುಂಡುಕಲ್ಲು ಮತ್ತು ಅಮೃತಶಿಲೆಯ ಚೂರು

ಕಲ್ಲಿನ ಹೊದಿಕೆಯೂ ಆವಿಯಾಗುವಿಕೆಯನ್ನು ತಗ್ಗಿಸುತ್ತದೆ ಮತ್ತು ಕೊಳೆಯುವುದಿಲ್ಲ. ಆದರೆ ಅದು ಮಣ್ಣಿಗೆ ಸಾರವನ್ನು ನೀಡದು, ಹಗಲಿನಲ್ಲಿ ಕಾಯುತ್ತದೆ ಹಾಗೂ ಅದರ ಸಂದಿಗೆ ಬಿದ್ದ ಎಲೆಗಳನ್ನು ತೆಗೆಯುವುದು ಕಷ್ಟ. ಕಳ್ಳಿ, ಅಡೀನಿಯಂ ಮುಂತಾದ ಗಿಡಗಳಿಗೆ ಮಾತ್ರ ಇದು ಹೊಂದುತ್ತದೆ. ಅಂದಕ್ಕಾಗಿ ಹಾಕುವ ಬಿಳಿಯ ಅಮೃತಶಿಲೆಯ ಚೂರಿನಲ್ಲಿ ಸುಣ್ಣದ ಅಂಶವಿದ್ದು, ಕಾಲಕ್ರಮೇಣ ಮಣ್ಣಿನ ಕ್ಷಾರತೆಯನ್ನು ಹೆಚ್ಚಿಸುತ್ತದೆ. ಹುಳಿ ಮಣ್ಣನ್ನು ಬಯಸುವ ಕೇಪಳದಂತಹ ಗಿಡಗಳಲ್ಲಿ ಆಗ ಕಬ್ಬಿಣದ ಕೊರತೆ ತಲೆದೋರಿ, ಎಳೆಯ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ.

(ಎ) ಪ್ಲಾಸ್ಟಿಕ್ ಹಾಳೆ

ತರಕಾರಿ ಬೆಳೆಯುವ ರೈತರು ಹನಿ ನೀರಾವರಿಯೊಂದಿಗೆ ಪ್ಲಾಸ್ಟಿಕ್ ಹೊದಿಕೆಯನ್ನು ಬಳಸುತ್ತಾರೆ. ಅಲ್ಲಿ ನೀರು ಹಾಳೆಯ ಕೆಳಗಿನಿಂದಲೇ ದೊರೆಯುತ್ತದೆ ಮತ್ತು ಬೆಳೆ ಮುಗಿದ ನಂತರ ಹಾಳೆಯನ್ನು ತೆಗೆಯಲಾಗುತ್ತದೆ. ಮನೆಯಂಗಳದ ಅಂಚು ಪಾತಿಯಲ್ಲಿ ಈ ಎರಡೂ ಅನುಕೂಲಗಳು ಸಾಮಾನ್ಯವಾಗಿ ಇರುವುದಿಲ್ಲ. ಮಳೆಯ ನೀರು ಹೊರಗೇ ಹರಿದುಹೋಗುತ್ತದೆ, ಬಿಸಿಲಿಗೆ ಹಾಳೆ ಚೂರುಚೂರಾಗಿ ಮಣ್ಣಿನಲ್ಲಿ ಸೇರುತ್ತದೆ. ಅಲಂಕಾರಿಕ ಪಾತಿಗಳಿಗೆ ಇದನ್ನು ಶಿಫಾರಸು ಮಾಡಲಾಗುವುದಿಲ್ಲ.

ಪ್ರಮಾಣದ ಲೆಕ್ಕ

ತರಗು, ಹುಲ್ಲು ಮೊದಲಾದ ಸಡಿಲ ಸಾಮಗ್ರಿಗಳನ್ನು ಹಾಕುವಾಗ 4 ಅಂಗುಲ (10 ಸೆಂ.ಮೀ.) ದಪ್ಪವಿರಬೇಕು. ಕೆಲವು ವಾರಗಳಲ್ಲಿ ಅದು ಕುಸಿದು ಅರ್ಧದಷ್ಟಾಗುತ್ತದೆ. ಮರದ ಚಕ್ಕೆಯಾದರೆ 2ರಿಂದ 3 ಅಂಗುಲ ಸಾಕು. ನಾರಿನ ಪುಡಿ 1ರಿಂದ 2 ಅಂಗುಲ ಮೀರಬಾರದು. ಇದಕ್ಕಿಂತ ತೆಳುವಾದರೆ ಬಿಸಿಲು ಒಳನುಗ್ಗುತ್ತದೆ. ದಪ್ಪವಾದರೆ ಬೇಸಿಗೆಯ ಸಣ್ಣ ಮಳೆಯೆಲ್ಲವೂ ಹೊದಿಕೆಯಲ್ಲಿಯೇ ಉಳಿದು ಮಣ್ಣು ಒಣಗಿರುತ್ತದೆ.

ಮೇಲೆ ಹೇಳಿದ 10 ಚದರ ಮೀಟರ್ ಪಾತಿಗೆ 10 ಸೆಂ.ಮೀ. ದಪ್ಪದ ತರಗು ಬೇಕಾದರೆ ಒಟ್ಟು 1,000 ಲೀಟರ್ ಗಾತ್ರವಾಗುತ್ತದೆ. 50 ಕಿಲೋ ಅಕ್ಕಿ ಹಿಡಿಯುವ ಚೀಲವೊಂದರಲ್ಲಿ ಸುಮಾರು 60 ಲೀಟರ್ ಗಾತ್ರ ಹಿಡಿಯುವುದರಿಂದ 16ರಿಂದ 17 ಚೀಲ ತರಗು ಬೇಕಾಗುತ್ತದೆ. ಇದು ಹೆಚ್ಚೆಂದು ತೋರಬಹುದು. ಆದರೆ ದಾರಿಬದಿಯ ಎರಡು ಮೂರು ದೊಡ್ಡ ಮರಗಳು ಒಂದು ಋತುವಿನಲ್ಲಿ ಉದುರಿಸುವ ಎಲೆಯನ್ನು ಕೂಡಿಸಿಟ್ಟರೆ ಇಷ್ಟನ್ನು ಹೊಂದಿಸುವುದು ಕಷ್ಟವಾಗದು. ಇದೇ ಪಾತಿಗೆ 2 ಅಂಗುಲದ ನಾರಿನ ಪುಡಿ ಬೇಕಾದಲ್ಲಿ 500 ಲೀಟರ್ ಆಗುತ್ತದೆ. ನೆನೆಸಿದಾಗ 60ರಿಂದ 75 ಲೀಟರ್‌ವರೆಗೆ ಉಬ್ಬುವ 5 ಕಿಲೋ ತೂಕದ ಇಟ್ಟಿಗೆಗಳಾದರೆ ಏಳರಿಂದ ಒಂಬತ್ತು ಕೊಳ್ಳಬೇಕು. ಖರೀದಿಗೆ ಮುನ್ನ ಪಾತಿಯನ್ನು ಅಳೆದು ಈ ರೀತಿ ಲೆಕ್ಕ ಮಾಡಿಕೊಂಡರೆ ಅನಗತ್ಯ ವೆಚ್ಚ ತಪ್ಪುತ್ತದೆ.

ಹೊದಿಕೆ ಹಾಕುವ ಕಾಲ ಮತ್ತು ಕ್ರಮ

ಹೊದಿಕೆಯು ಇರುವ ತೇವವನ್ನು ಕಾಪಾಡುತ್ತದೆಯೇ ಹೊರತು ಇಲ್ಲದ ತೇವವನ್ನು ಉಂಟುಮಾಡುವುದಿಲ್ಲ. ಆದುದರಿಂದ ಹಿಂಗಾರು ಮಳೆ ನಿಂತ ಬಳಿಕ, ನವೆಂಬರ್-ಡಿಸೆಂಬರ್ ತಿಂಗಳುಗಳಲ್ಲಿ, ಮಣ್ಣು ಇನ್ನೂ ಹಸಿಯಾಗಿರುವಾಗಲೇ ಹಾಕುವುದು ಸರ್ವೋತ್ತಮ. ಫೆಬ್ರವರಿಯ ಎಲೆ ಉದುರುವ ಕಾಲದಲ್ಲಿ ಕುಸಿದ ಪದರವನ್ನು ಮತ್ತೆ ತುಂಬಬೇಕು. ತಡವಾದಲ್ಲಿ ಈ ಕ್ರಮವನ್ನು ಅನುಸರಿಸತಕ್ಕದ್ದು.

1. ಕಳೆಗಳನ್ನು ಬೇರುಸಮೇತ ಕೀಳಬೇಕು. ಜೇಕಿನ ಗಡ್ಡೆಗಳು ಎಷ್ಟೇ ದಪ್ಪನೆಯ ಹೊದಿಕೆಯನ್ನೂ ತೂರಿ ಬರುವುದರಿಂದ ಅವನ್ನು ಅಗೆದು ತೆಗೆಯಬೇಕು.

2. ಮಣ್ಣಿನ ಮೇಲಿನ ಹೆಪ್ಪನ್ನು ಬೇರಿಗೆ ಪೆಟ್ಟಾಗದಂತೆ ಒಡೆದು, ಕಳಿತ ಗೊಬ್ಬರವನ್ನು ಹಾಕಬೇಕು.

3. ಅರ್ಧ ಅಡಿ ಆಳದವರೆಗೆ ನೆನೆಯುವಂತೆ ನಿಧಾನವಾಗಿ ನೀರುಣಿಸಬೇಕು.

4. ಕಳೆಯ ಕಾಟ ಹೆಚ್ಚಿದ್ದಲ್ಲಿ ಹಳೆಯ ವೃತ್ತಪತ್ರಿಕೆಯ ಐದಾರು ಹಾಳೆಗಳನ್ನು ಅಂಚಿಗೆ ಅಂಚು ಸೇರುವಂತೆ ಹಾಸಿ ನೆನೆಸಬಹುದು.

5. ಹೊದಿಕೆಯನ್ನು ಸಮನಾಗಿ ಹರಡಬೇಕು. ಗಿಡದ ಬುಡದ ಸುತ್ತ ನಾಲ್ಕು ಬೆರಳಿನಷ್ಟು ಜಾಗವನ್ನು ಖಾಲಿ ಬಿಡಬೇಕು. ಕಾಂಡಕ್ಕೆ ತಗುಲಿದ ಹಸಿ ಹೊದಿಕೆಯಿಂದ ಬುಡ ಕೊಳೆಯುತ್ತದೆ.

6. ಮನೆಯ ಗೋಡೆಗೆ ಹೊದಿಕೆಯನ್ನು ಒತ್ತಿ ಹಾಕಬಾರದು. ಅರ್ಧ ಅಡಿಯಷ್ಟು ಅಂತರವಿಲ್ಲದಿದ್ದಲ್ಲಿ ಗೆದ್ದಲು ಹೊದಿಕೆಯ ಮರೆಯಲ್ಲಿ ಗೋಡೆಗೂ ಬಾಗಿಲು ಚೌಕಟ್ಟಿಗೂ ಏರುವ ಸಂಭವವಿದೆ. ಗೆದ್ದಲು ಕಂಡುಬರುವ ಸ್ಥಳದಲ್ಲಿ ಕೆಳಪದರಕ್ಕೆ ಬೇವಿನ ಹಿಂಡಿಯನ್ನು ಸೇರಿಸುವುದು ಒಳಿತು.

ನಂತರದ ನಿರ್ವಹಣೆ

ಹೊದಿಕೆ ಹಾಕಿದ ಮೇಲೂ ಮೊದಲಿನಷ್ಟೇ ನೀರನ್ನು ಪ್ರತಿದಿನ ಹಾಕುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ಇದರಿಂದ ನೀರು ಉಳಿಯುವುದಿಲ್ಲ. ಮಾತ್ರವಲ್ಲ, ಬೇರುಗಳು ಕೊಳೆತು ಗಿಡ ಸಾಯುತ್ತದೆ ಹಾಗೂ ದೋಷ ಹೊದಿಕೆಯ ಮೇಲೆ ಬರುತ್ತದೆ. ನೀರು ಹಾಕುವ ಮುನ್ನ ಹೊದಿಕೆಯನ್ನು ಸರಿಸಿ, ಮೂರು ಅಂಗುಲ ಆಳದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡಬೇಕು. ಉಂಡೆ ಕಟ್ಟಿದರೆ ಆ ದಿನ ನೀರಿನ ಅಗತ್ಯವಿಲ್ಲ. ಉದುರಿದರೆ ನೀರು ಹಾಕಬೇಕು. ಹಾಕುವ ದಿನ ಮಾತ್ರ ಬೇರಿನ ಆಳಕ್ಕೆ ಇಳಿಯುವಷ್ಟು ಹಾಕಬೇಕು. ಎರೆಮಣ್ಣು ಹದ ಮೀರಿ ಒಣಗಿದಾಗಲೂ ಹೆಂಟೆಯಾಗಿ ನಿಲ್ಲುವುದರಿಂದ ಅಲ್ಲಿ ಉಂಡೆಯನ್ನು ಬೆರಳಿನಿಂದ ಒತ್ತಿ, ಮೆತ್ತಗಿದೆಯೇ ಎಂದು ಪರೀಕ್ಷಿಸತಕ್ಕದ್ದು. ತರಕಾರಿ ಮತ್ತು ಅಕ್ಕಿ ತೊಳೆದ ನೀರನ್ನು ಈ ಪಾತಿಗಳಿಗೆ ಧಾರಾಳವಾಗಿ ಉಪಯೋಗಿಸಬಹುದು.

ಕರಾವಳಿ ಮತ್ತು ಮಲೆನಾಡಿನಲ್ಲಿ ಜೂನ್ ತಿಂಗಳ ಮಳೆ ಆರಂಭವಾಗುವಾಗ ಹೊದಿಕೆಯನ್ನು ಬುಡದಿಂದ ಇನ್ನಷ್ಟು ದೂರ ಸರಿಸಿ ತೆಳುಗೊಳಿಸಬೇಕು. ಆಫ್ರಿಕಾದ ದೈತ್ಯ ಬಸವನಹುಳುಗಳು ಹಸಿಯಾದ ಹೊದಿಕೆಯ ಕೆಳಗೆ ಹಗಲಿನಲ್ಲಿ ಅಡಗಿ ರಾತ್ರಿಯಲ್ಲಿ ಗಿಡಗಳನ್ನು ತಿನ್ನುವುದರಿಂದ, ಅವುಗಳನ್ನು ಕೈಗವಸು ಧರಿಸಿ ಹೆಕ್ಕಿ ಉಪ್ಪುನೀರಿನಲ್ಲಿ ಹಾಕಿ ನಾಶಪಡಿಸಬೇಕು.

ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ಒಣ ಎಲೆಯ ಹೊದಿಕೆ ನೋಡಲು ಕಸದಂತೆ ಕಾಣುವುದಿಲ್ಲವೇ?
ಉತ್ತರ: ಎಲೆಯನ್ನು ಪುಡಿಮಾಡಿ ಹರಡಿ, ಮೇಲೆ ಒಂದು ಅಂಗುಲದಷ್ಟು ಮರದ ಚಕ್ಕೆ ಅಥವಾ ಕಡಲೆಕಾಯಿ ಸಿಪ್ಪೆ ಹಾಕಿದರೆ ಪಾತಿ ಒಪ್ಪವಾಗಿ ಕಾಣುತ್ತದೆ. ಪಾತಿಯ ಅಂಚಿಗೆ ಇಟ್ಟಿಗೆ ಅಥವಾ ಕಲ್ಲು ಜೋಡಿಸಿದರೆ ಎಲೆ ದಾರಿಗೆ ಬರುವುದಿಲ್ಲ.

ಪ್ರಶ್ನೆ: ಕಿತ್ತ ಕಳೆಯನ್ನೇ ಹೊದಿಕೆಯಾಗಿ ಬಳಸಬಹುದೇ?
ಉತ್ತರ: ಹೂ ಬಿಡುವ ಮುನ್ನ ಕಿತ್ತು, ಬಿಸಿಲಿನಲ್ಲಿ ಪೂರ್ಣ ಒಣಗಿಸಿದ ಕಳೆಯನ್ನು ಬಳಸಬಹುದು. ಗರಿಕೆ ಮತ್ತು ಜೇಕು ಸಣ್ಣ ತುಂಡಿನಿಂದಲೂ ಗಡ್ಡೆಯಿಂದಲೂ ಮರಳಿ ಬೆಳೆಯುವುದರಿಂದ ಅವು ಬೇಡ. ಪಾರ್ಥೇನಿಯಂ ಕಳೆಯು ಚರ್ಮದ ಅಲರ್ಜಿಯನ್ನು ಉಂಟುಮಾಡುವುದರಿಂದ ಮನೆಯಂಗಳದಲ್ಲಿ ಅದನ್ನು ಬಳಸಬಾರದು.

ಪ್ರಶ್ನೆ: ಹೊದಿಕೆಯನ್ನು ಪ್ರತಿವರ್ಷ ತೆಗೆದು ಹೊಸದಾಗಿ ಹಾಕಬೇಕೇ?
ಉತ್ತರ: ಅಗತ್ಯವಿಲ್ಲ. ಕೆಳಪದರವು ಕೊಳೆತು ಗೊಬ್ಬರವಾಗುತ್ತದೆ. ಕುಸಿದಷ್ಟನ್ನು ಮೇಲೆ ಸೇರಿಸಿದರೆ ಸಾಕು.

ಸಾರಾಂಶ

ಹೂಗಿಡಗಳ ಸಾಮಾನ್ಯ ಅಂಚು ಪಾತಿಗೆ ತರಗು ಅಥವಾ ಸ್ಥಳೀಯ ಕೃಷಿ ಉಳಿಕೆ, ಪೊದೆಗಿಡಗಳ ಶಾಶ್ವತ ಪಾತಿಗೆ ಮರದ ಚಕ್ಕೆ, ಎಳೆಯ ಸಸಿಗಳಿಗೆ ತೊಳೆದ ನಾರಿನ ಪುಡಿಯ ಮೇಲೆ ತೆಳುವಾದ ತರಗು, ಕಳ್ಳಿಜಾತಿಯ ಗಿಡಗಳಿಗೆ ಜಲ್ಲಿ, ಹೀಗೆ ಆಯ್ಕೆ ಮಾಡಿಕೊಳ್ಳಬಹುದಾಗಿದೆ. ಎಲ್ಲಕ್ಕಿಂತ ಮೊದಲು ತಮ್ಮ ಅಂಗಳದಲ್ಲಿಯೇ ಬಿದ್ದಿರುವ ಎಲೆಯನ್ನು ಸುಡದೆ ಬಳಸಿಕೊಳ್ಳುವಂತೆ ಮನೆ, ಶಾಲೆ, ಕಚೇರಿ ಹಾಗೂ ಬಡಾವಣೆ ಉದ್ಯಾನವನಗಳ ಉಸ್ತುವಾರಿ ವಹಿಸಿದವರಲ್ಲಿ ಕೋರಲಾಗಿದೆ. ಹೆಚ್ಚಿನ ಮಾಹಿತಿಗಾಗಿ ಆಯಾ ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.